ಸಾದಾ ಹಾಕಿಸಲೋ, ಪವರ್ ಹಾಕಿಸಲೋ? ಬೈಕಿಗೆ ಪೆಟ್ರೋಲ್ ಆರಿಸುವ ಬಗೆ

ಚಿಂಚವಡದ ನನ್ನ ಗ್ಯಾರೇಜಿಗೆ ಬರುವವರಲ್ಲಿ ಬಹಳ ಮಂದಿ ನಮ್ಮ ಕಡೆಯವರು. ಇಂಡಿ, ಅಫಜಲಪುರ, ಆಳಂದ, ಜಮಖಂಡಿಯವರು. ಚಾಕಣ, ಭೋಸರಿಯ ಕಂಪನಿಗಳಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುವವರು, ಗೌಂಡಿ ಕೆಲಸದವರು, ಈಗೀಗ ಮನೆಮನೆಗೆ ಊಟ ಮುಟ್ಟಿಸುವ ಹುಡುಗರು. ಇವರೆಲ್ಲ ತಪ್ಪದೆ ಕೇಳುವ ಮಾತೊಂದಿದೆ: "ಅಣ್ಣಾ, ಪವರ್ ಪೆಟ್ರೋಲ್ ಹಾಕಿಸಿದ್ರ ಎವರೇಜ್ ಹೆಚ್ಚ ಕೊಡ್ತೈತಂತ, ಖರೇ ಏನ್?"

ಖರೇ ಅಲ್ಲ. ಪವರ್ ಅಂದರೆ ಹೆಚ್ಚು ದರದ ಪ್ರೀಮಿಯಂ ಪೆಟ್ರೋಲ್. ನೂರರಿಂದ ನೂರೈವತ್ತು ಸಿಸಿಯ ದಿನಬಳಕೆಯ ಗಾಡಿಗೆ ಸಾದಾ ಪೆಟ್ರೋಲೇ ಸಾಕು. ಹೆಚ್ಚಿನ ದುಡ್ಡು ಕೊಟ್ಟರೆ ಆ ದುಡ್ಡು ಹೋಯಿತು ಅಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಯಾಕೆ ಅಂತ ತಿಳಿದುಕೊಂಡರೆ ನಿಮ್ಮ ಗಾಡಿಗೆ ಏನು ಬೇಕು ಅನ್ನುವುದನ್ನು ನೀವೇ ಹೇಳಬಲ್ಲಿರಿ.

ಪೆಟ್ರೋಲಿನ ದರ್ಜೆ ಅಂದರೆ ಅದರ ಆಕ್ಟೇನ್ ಸಂಖ್ಯೆ. ಪಂಪಿನಲ್ಲಿ 91, 95, 97, 100 ಅಂತ ಬರೆದಿರುತ್ತಾರಲ್ಲ, ಅದೇ. ಈ ಸಂಖ್ಯೆ ಪೆಟ್ರೋಲಿನ ಶಕ್ತಿಯನ್ನು ಹೇಳುವುದಿಲ್ಲ, ಅದರ ತಾಳ್ಮೆಯನ್ನು ಹೇಳುತ್ತದೆ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೇರುವಾಗ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಹಿಂಡುತ್ತದೆ. ಹಿಂಡಿದಾಗ ಬಿಸಿ ಏರುತ್ತದೆ. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಆ ಕಿಡಿಯಿಂದ ಶುರುವಾಗಿ ಒಂದೇ ಹದದಲ್ಲಿ ಸುತ್ತಲೂ ಹರಡಬೇಕು. ಆಕ್ಟೇನ್ ಕಡಿಮೆಯಿದ್ದರೆ ಆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ, ಬಿಸಿಗೆ ತಾನಾಗಿಯೇ ಸಿಡಿಯುತ್ತದೆ. ಇದಕ್ಕೇ ನಾಕಿಂಗ್ ಅನ್ನುವುದು. ಪಿಸ್ಟನ್ನಿನ ತಲೆಗೆ ಬೀಳುವ ಪೆಟ್ಟು ಅದು. ಬಹಳ ದಿನ ಬಿಟ್ಟರೆ ಪಿಸ್ಟನ್ ತೂತು ಬೀಳುತ್ತದೆ, ರಿಂಗ್ ಮುರಿಯುತ್ತದೆ.

ಹಾಗಾದರೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಯಾರಿಗೆ ಬೇಕು? ಹೆಚ್ಚು ಹಿಂಡುವ ಎಂಜಿನ್ನಿಗೆ. ಎಷ್ಟು ಹಿಂಡುತ್ತದೆ ಅನ್ನುವುದು ಕಂಪ್ರೆಶನ್ ರೇಶಿಯೊದಲ್ಲಿ ಇರುತ್ತದೆ. ಗಾಡಿ ಕೊಂಡಾಗ ಕೊಟ್ಟ ಪುಸ್ತಕದ ಕೊನೆಯ ಪುಟಗಳಲ್ಲಿ ನೋಡಿ. ಪಲ್ಸರ್ 150ರದ್ದು 9.5ಕ್ಕೆ 1. ರಾಯಲ್ ಎನ್‌ಫೀಲ್ಡಿನ ಈಗಿನ ಕ್ಲಾಸಿಕ್ 350ರದ್ದೂ ಅಷ್ಟೇ, ಅದಕ್ಕೂ ಹಿಂದಿನ ಕ್ಲಾಸಿಕ್ 350ರದ್ದು 8.5. ಶೋಕಿಯಿಂದ ಬುಲೆಟ್ಟಿಗೆ ನೂರು ಆಕ್ಟೇನ್ ಕುಡಿಸುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅಷ್ಟು ಹಗುರಾಗಿ ಹಿಂಡುವ ಎಂಜಿನ್ನಿಗೆ ಆ ಪೆಟ್ರೋಲಿನಿಂದ ಏನೂ ಸಿಗುವುದಿಲ್ಲ. ಇನ್ನೊಂದು ಕಡೆ ಯಮಾಹಾ ಆರ್15 11.6, ಹಿಮಾಲಯನ್ 450 11.5, ಡೊಮಿನಾರ್ 400 ಸುಮಾರು 12. ಇವು ಗಟ್ಟಿಯಾಗಿ ಹಿಂಡುವ ಗಾಡಿಗಳು.

ನಾನು ಹಿಡಿಯುವ ಲೆಕ್ಕ ಹೀಗಿದೆ. ಕಂಪ್ರೆಶನ್ ಹತ್ತರವರೆಗೆ ಇದ್ದರೆ 91, ಅಂದರೆ ಸಾದಾ ಪೆಟ್ರೋಲೇ, ಧಾರಾಳ ಸಾಕು, ಯೋಚನೆಯೇ ಬೇಡ. ಹತ್ತರಿಂದ ಹನ್ನೊಂದೂವರೆವರೆಗೆ ಇದ್ದು ಫ್ಯುಯೆಲ್ ಇಂಜೆಕ್ಷನ್ ಗಾಡಿಯಾಗಿದ್ದರೆ ಪುಸ್ತಕದಲ್ಲಿ ಬರೆದಷ್ಟನ್ನು ಹಾಕಿ, ಹೆಚ್ಚಿನ ಪಾಲು ಅಲ್ಲೂ 91 ಅಂತಲೇ ಇರುತ್ತದೆ. ಹನ್ನೊಂದೂವರೆ ದಾಟಿದರೆ ಪುಸ್ತಕ ತೆಗೆಯದೆ ಮಾತಾಡಬೇಡಿ. ಒಂದೇ ಕಂಪ್ರೆಶನ್ ಇದ್ದರೂ ನೀರಿನಿಂದ ತಣ್ಣಗಾಗುವ ಎಂಜಿನ್ ಬೇರೆ, ಗಾಳಿಗೆ ತಣ್ಣಗಾಗುವ ಎಂಜಿನ್ ಬೇರೆ. ಅದಕ್ಕೇ ಕಂಪ್ರೆಶನ್ ಸಂಖ್ಯೆ ಒಂದು ಅಂದಾಜು, ಕಂಪನಿ ಬರೆದದ್ದೇ ಕೊನೆಯ ಮಾತು.

ಇಲ್ಲೊಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಅಮೆರಿಕದವರ ವಿಡಿಯೊ ನೋಡಿ 87, 91 ಅಂತ ತಲೆ ಕೆಡಿಸಿಕೊಂಡು ಬರುವ ಹುಡುಗರಿದ್ದಾರೆ. ಅವರ ಅಳತೆಯೇ ಬೇರೆ. ನಮ್ಮಲ್ಲಿ ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಅಳತೆ. ಅವರ ಪಂಪಿನ 87 ಅಂದರೆ ನಮ್ಮ 91ರ ಹತ್ತಿರ, ಅವರ 91 ಅಂದರೆ ನಮ್ಮ 95ರ ಆಸುಪಾಸು.

ಇನ್ನು ಬಹಳ ಜನರಿಗೆ ಗೊತ್ತಿಲ್ಲದ ಮುಖ್ಯ ವಿಷಯ. ಈಗ ನಮ್ಮ ಸಾದಾ ನಾಜಲ್ಲಿನಲ್ಲಿ ಬರುವ ಪೆಟ್ರೋಲ್ ಹಿಂದಿನ ಸಾದಾ ಪೆಟ್ರೋಲ್ ಅಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಅದು. 2023ರ ಫೆಬ್ರವರಿಯಲ್ಲಿ ಶುರುವಾಗಿ 2025ರ ಹೊತ್ತಿಗೆ ದೇಶದ ಎಲ್ಲ ಕಡೆ ಹರಡಿತು. ಕಬ್ಬಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ತೆಗೆಯುವ ಈ ಎಥನಾಲಿನ ಆಕ್ಟೇನ್ 108ರ ಸುತ್ತಮುತ್ತ ಇದೆ. ಅದು ಬೆರೆತ ಕಾರಣ ಇ20 ಪೆಟ್ರೋಲಿನ ಆಕ್ಟೇನ್ 95 ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಅಂದರೆ ಹಿಂದೆ ಯಾವ 95ಕ್ಕಾಗಿ ನೀವು ಪ್ರೀಮಿಯಂ ನಾಜಲ್ಲಿನ ಕಡೆ ಗಾಡಿ ತಿರುಗಿಸುತ್ತಿದ್ದಿರೋ ಅದು ಈಗ ಸಾದಾ ನಾಜಲ್ಲಿನಲ್ಲೇ ಇದೆ. ಎಕ್ಸ್‌ಪಿ95, ಪವರ್95 ಇವುಗಳಲ್ಲಿ ಉಳಿಯುವ ಹೆಚ್ಚುಗಾರಿಕೆ ಅಂದರೆ ಇಂಜೆಕ್ಟರ್, ವಾಲ್ವ್ ಶುಚಿ ಮಾಡುವ ರಾಸಾಯನಿಕ. ಅದು ಸುಳ್ಳಲ್ಲ, ಕೆಲಸ ಮಾಡುತ್ತದೆ. ಆದರೆ ಆರು ತಿಂಗಳಿಗೊಮ್ಮೆ ಗಾಡಿ ಸರ್ವಿಸ್ ಮಾಡಿಸುವವರಿಗೆ ಅದಕ್ಕಾಗಿ ದಿನವೂ ಹೆಚ್ಚಿನ ದುಡ್ಡು ಕೊಡುವ ಅಗತ್ಯ ಇಲ್ಲ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕಿಬಿಡೋಣ. ಸಾದಾ ಲೀಟರಿಗೆ 104 ರೂಪಾಯಿ, ಪ್ರೀಮಿಯಂ 112 ಅಂತ ಹಿಡಿಯಿರಿ. ನಿಮ್ಮ ಗಾಡಿ ಲೀಟರಿಗೆ 50 ಕಿಲೋಮೀಟರ್ ಕೊಡುತ್ತಿದ್ದರೆ, ಕೊಟ್ಟ ಎಂಟು ರೂಪಾಯಿ ವಾಪಸ್ ಬರಬೇಕಾದರೆ ಪ್ರೀಮಿಯಂ ಹಾಕಿದಾಗ ಸುಮಾರು 54 ಕೊಡಬೇಕು. ಲೀಟರಿಗೆ 160 ರೂಪಾಯಿಯ ನೂರು ಆಕ್ಟೇನ್ ಹಾಕಿಸಿದರೆ 77 ಕೊಡಬೇಕು. ಯಾವ ಪೆಟ್ರೋಲೂ ಹಾಗೆ ಕೊಡುವುದಿಲ್ಲ. ತಿಂಗಳಿಗೆ 1200 ಕಿಲೋಮೀಟರ್ ಓಡಿಸುವವನಿಗೆ ಬರೀ ಪ್ರೀಮಿಯಂ ಹಾಕಿಸಿದರೆ ಹೆಚ್ಚಾಗಿ ಹೋಗುವುದು 192 ರೂಪಾಯಿ. ವರ್ಷಕ್ಕೆ ಎರಡು ಸಾವಿರದ ಮುನ್ನೂರು ದಾಟುತ್ತದೆ. ಅಷ್ಟರಲ್ಲಿ ಎಂಜಿನ್ ಆಯಿಲ್, ಪ್ಲಗ್, ಏರ್ ಫಿಲ್ಟರ್ ಎಲ್ಲ ಬದಲಾಯಿಸಬಹುದು, ಗಾಡಿಗೆ ನಿಜವಾದ ಲಾಭ ಅದರಿಂದ ಆಗುತ್ತದೆ.

ನಂಬಿಕೆ ಬರದಿದ್ದರೆ ನೀವೇ ಅಳೆಯಿರಿ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಟಾಕಿಯ ಬಾಯೊಳಗೆ ಕಾಣುವ ಪಟ್ಟಿಯ ಮಟ್ಟಕ್ಕೆ ಪೆಟ್ರೋಲ್ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ಇನ್ನೂರು ಕಿಲೋಮೀಟರ್ ಆದ ಮೇಲೆ ಅದೇ ಪಂಪಿಗೆ ಹೋಗಿ ಅದೇ ಮಟ್ಟಕ್ಕೆ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿದ ದೂರವನ್ನು ಭಾಗಿಸಿ. ಇದೇ ದಾರಿ, ಇದೇ ಭಾರ, ಟೈರಿನಲ್ಲಿ ಇಷ್ಟೇ ಗಾಳಿ ಇಟ್ಟುಕೊಂಡು ಇನ್ನೊಂದು ಪೆಟ್ರೋಲಿನಲ್ಲೂ ಹಾಗೇ ಮಾಡಿ. ಡಿಸ್‌ಪ್ಲೇದಲ್ಲಿ ತೋರಿಸುವ ಎವರೇಜನ್ನು ನೆಚ್ಚಬೇಡಿ.

ನಾಕಿಂಗ್ ಸಪ್ಪಳ ಗುರುತಿಸುವುದು

ಹೆಚ್ಚು ಆಕ್ಟೇನ್ ಬೇಕೋ ಬೇಡವೋ ಅಂತ ಗಾಡಿಯೇ ಹೇಳುತ್ತದೆ. ಅದು ಹೇಳುವುದು ಏರಿನಲ್ಲಿ. ಪುಣೆಯವರಿಗೆ ಹಳೆಯ ಕಾತ್ರಜ ಘಾಟ್ ಹತ್ತಿರವಿದೆ. ಊರಿಗೆ ಹೋಗುವಾಗ ಸಾತಾರಾ ದಾರಿಯಲ್ಲಿ ಖಂಬಾಟಕಿ ಘಾಟ್ ಸಿಗುತ್ತದೆ. ಮುಂಬೈ ಕಡೆ ಹೋಗುವವರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಹಳೆಯ ಹೈವೇಯಲ್ಲೇ ಹೋಗಿ ವಾಪಸ್ ಬರುವಾಗ ಖಂಡಾಲಾ ಏರಬೇಕು, ಅದೂ ಒಳ್ಳೆಯ ಪರೀಕ್ಷೆ.

ಎಂಜಿನ್ ಚೆನ್ನಾಗಿ ಕಾದಿರಲಿ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ. ಏರಿನಲ್ಲಿ ಬೇಕಾದದ್ದಕ್ಕಿಂತ ಒಂದು ಗೇರ್ ಮೇಲಿಟ್ಟು ಎಕ್ಸಲರೇಟರ್ ತಿರುವಿ. ಆಗ ಎಂಜಿನ್ನಿನಿಂದ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂತೆ ಟಿಣಿಟಿಣಿ ಸಪ್ಪಳ ಬಂದು, ಎಕ್ಸಲರೇಟರ್ ಬಿಟ್ಟ ಕೂಡಲೇ ನಿಂತರೆ ಅದು ನಾಕಿಂಗ್. ಗಾಡಿ ನಿಂತಲ್ಲೇ ಸ್ಟಾರ್ಟ್ ಇದ್ದಾಗಲೂ ಟಕಟಕ ಅನ್ನುತ್ತಿದ್ದರೆ ಅದು ಟ್ಯಾಪೆಟ್ ಅಥವಾ ಟೈಮಿಂಗ್ ಚೈನು, ಅದಕ್ಕೂ ಪೆಟ್ರೋಲಿಗೂ ಸಂಬಂಧವಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಟ್ಯಾಪೆಟ್ ಸಪ್ಪಳಕ್ಕೆ ತಿಂಗಳುಗಟ್ಟಲೆ ಪವರ್ ಹಾಕಿಸಿದವರು ನನ್ನಲ್ಲಿಗೆ ಬಂದಿದ್ದಾರೆ.

ನಾಕಿಂಗ್ ಅಂತ ಖಾತ್ರಿಯಾದರೂ ಕೂಡಲೇ ಪಂಪಿಗೆ ಓಡಬೇಡಿ. ಮೊದಲು ಒಂದು ಗೇರ್ ಇಳಿಸಿ ನೋಡಿ. ಅರ್ಧಕ್ಕರ್ಧ ಮಂದಿಯ ತೊಂದರೆ ಅಲ್ಲೇ ತೀರುತ್ತದೆ. ಐದನೇ ಗೇರಿನಲ್ಲಿ ಮೂವತ್ತೈದರ ಓಟದಲ್ಲಿ ಎಳೆಸಿದರೆ ಯಾವ ಎಂಜಿನ್ನಾದರೂ ನರಳುತ್ತದೆ. ಅದರಿಂದಲೂ ನಿಲ್ಲದಿದ್ದರೆ ಪ್ಲಗ್ ಬಿಚ್ಚಿ. ತುದಿಯ ಪಿಂಗಾಣಿ ತಿಳಿ ಕಂದು ಬಣ್ಣ ಇದ್ದರೆ ಮಿಶ್ರಣ ಸರಿಯಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಹೋಗುತ್ತಿದೆ, ಎಂಜಿನ್ ಬಿಸಿಯಾಗುತ್ತಿದೆ. ಕರ್ರಗೆ ಎಣ್ಣೆಯ ಪಸೆ ಇದ್ದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿದೆ ಅಂತ ತಿಳಿಯಿರಿ. ಈ ಕಾರ್ಬನ್ ಎರಡು ಕೇಡು ಮಾಡುತ್ತದೆ. ಜಾಗ ತುಂಬಿ ಕಂಪ್ರೆಶನ್ ಏರಿಸುತ್ತದೆ, ಮತ್ತೆ ಕೆಂಡದಂತೆ ಕಾದು ತಾನೇ ಕಿಡಿಯಾಗುತ್ತದೆ. ಹಳೆಯ ಗಾಡಿ ಹೊಸದಾಗಿದ್ದಾಗ ನಾಕ್ ಮಾಡದೆ ಈಗ ಮಾಡುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ಹೆಡ್ ಬಿಚ್ಚಿ ಕಾರ್ಬನ್ ತೆಗೆಸುವುದೇ ಅದಕ್ಕೆ ಔಷಧ. 97 ಆಕ್ಟೇನ್ ಹಾಕಿದರೆ ಸಪ್ಪಳ ಅಡಗುತ್ತದೆ, ರೋಗ ಉಳಿಯುತ್ತದೆ.

ಇಷ್ಟೆಲ್ಲ ನೋಡಿಯೂ ಸಪ್ಪಳ ಇದ್ದರೆ, ಗಾಡಿಯೂ ಗಟ್ಟಿ ಹಿಂಡುವಂಥದ್ದಾಗಿದ್ದರೆ ಆಗ ಒಂದು ಟಾಕಿ ಮೇಲಿನ ದರ್ಜೆ ಹಾಕಿಸಿ ಅದೇ ಘಾಟಿನಲ್ಲಿ ಅದೇ ಗೇರಿನಲ್ಲಿ ನೋಡಿ. ನಿಂತಿತೆಂದರೆ ನಿಮ್ಮ ಗಾಡಿಗೆ ಅದು ಬೇಕು, ಕೊಡಿ. ಡೊಮಿನಾರಿನಂಥ ಗಾಡಿಯ ಮೇಲೆ ಚಳಿಗಾಲ ಪೂರ್ತಿ ಸಾದಾ ಹಾಕಿಸಿ, ಏಪ್ರಿಲ್-ಮೇ ಬಿಸಿಲಿನಲ್ಲಿ ಮಾತ್ರ ಮೇಲಿನದನ್ನು ಹಾಕಿಸುವವರಿದ್ದಾರೆ. ಅದು ಲೆಕ್ಕ ತಿಳಿದವರ ರೀತಿ, ಗಾಳಿ ಕಾದಷ್ಟೂ ನಾಕಿಂಗ್ ಹೆಚ್ಚು. ಲಡಾಕಿಗೆ ಹೊರಟವರು ಎತ್ತರದಲ್ಲಿ ಒಳ್ಳೆಯ ಪೆಟ್ರೋಲ್ ಸಿಗುವುದಿಲ್ಲ ಅಂತ ಹೆದರುತ್ತಾರೆ. ಅಲ್ಲಿ ಗಾಳಿಯೇ ತೆಳು, ಎಂಜಿನ್ ಹಿಂಡುವುದೂ ಕಡಿಮೆ, ಹಾಗಾಗಿ ನಾಕಿಂಗ್ ಚಿಂತೆ ಇಲ್ಲಿಗಿಂತ ಅಲ್ಲಿ ಕಡಿಮೆ.

ಎರಡು ದರ್ಜೆ ಒಂದೇ ಟಾಕಿಯಲ್ಲಿ ಬೆರೆತರೆ ಏನೂ ಆಗುವುದಿಲ್ಲ. ಬೇರೆ ಬೇರೆ ಕಂಪನಿಯದ್ದೂ ಬೆರೆಯಬಹುದು.

ಹಳೆಯ ಗಾಡಿ ಮತ್ತು ಎಥನಾಲ್

ಇಂದು ಪೆಟ್ರೋಲ್ ಆರಿಸುವಾಗ ಆಕ್ಟೇನಿಗಿಂತ ಹೆಚ್ಚು ಯೋಚಿಸಬೇಕಾದದ್ದು ಇದನ್ನು. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರ್, ಪ್ಲಾಸ್ಟಿಕ್, ಲೋಹ ಇ20ಯನ್ನು ತಡೆಯುವಂಥವು. ಅದಕ್ಕೂ ಹಿಂದಿನದಾದರೆ ಟಾಕಿ ಮುಚ್ಚಳದ ಹತ್ತಿರ ಇ10 ಅಥವಾ ಇ20 ಅಂತ ಅಂಟಿಸಿದ ಚೀಟಿ ಇದೆಯಾ ನೋಡಿ, ಪುಸ್ತಕದಲ್ಲಿ ನೋಡಿ.

ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ. ಆದ್ದರಿಂದ ಎವರೇಜ್ ಸ್ವಲ್ಪ ಇಳಿಯುವುದು ಸಹಜ. ಹಿಂದಿನ ಪೆಟ್ರೋಲಿಗೆಂದು ಮಾಡಿದ ದ್ವಿಚಕ್ರ ವಾಹನಗಳಲ್ಲಿ ನೂರಕ್ಕೆ ಮೂರು-ನಾಲ್ಕರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯಲ್ಲೇ ಇದೆ. 50 ಕೊಡುತ್ತಿದ್ದದ್ದು 48 ಕೊಟ್ಟರೆ ಎಂಜಿನ್ ಕೆಟ್ಟಿದೆ ಅಂತ ಗಾಬರಿಯಾಗಿ ಬರಬೇಡಿ. 50 ಇದ್ದದ್ದು 40ಕ್ಕೆ ಬಿದ್ದರೆ ಬನ್ನಿ, ಅದಕ್ಕೆ ಬೇರೆ ಕಾರಣ ಇದೆ.

ಇಂಜೆಕ್ಷನ್ ಗಾಡಿಗಳಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವುದನ್ನು ಅದು ಸ್ವಲ್ಪ ಮಟ್ಟಿಗೆ ಸರಿಮಾಡಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಗಾಡಿಗೆ ಆ ಬುದ್ಧಿ ಇಲ್ಲ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಾದಂತೆ ಆಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಎಕ್ಸಲರೇಟರ್ ಕೊಟ್ಟಾಗ ಮುಗ್ಗರಿಸುತ್ತದೆ. ಪ್ಲಗ್ ಬೆಳ್ಳಗಾಗಿದ್ದರೆ ಮೇನ್ ಜೆಟ್ (ಪೆಟ್ರೋಲ್ ಬಿಡುವ ತೂತು) ಒಂದು ನಂಬರ್ ದೊಡ್ಡದು ಹಾಕಿ ಮಿಕ್ಶ್ಚರ್ ಸ್ಕ್ರೂ ಹೊಂದಿಸಿ ಕೊಡುತ್ತೇನೆ. ಜೊತೆಗೆ ಪೆಟ್ರೋಲ್ ಪೈಪು, ಪೆಟ್ರೋಲ್ ಬಂದ್ ಮಾಡುವ ಕಾಕಿನ ವಾಷರ್, ಕಾರ್ಬ್ಯುರೇಟರ್ ಬೌಲಿನ ರಬ್ಬರ್ ರಿಂಗು ಇವನ್ನು ಬೆರಳಿನಲ್ಲಿ ಹಿಚುಕಿ ನೋಡುತ್ತೇನೆ. ಉಬ್ಬಿ ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸಲೇಬೇಕು. ಪೆಟ್ರೋಲ್ ಸೋರಿ ಕಾದ ಸೈಲೆನ್ಸರ್ ಮೇಲೆ ಬಿದ್ದರೆ ಆಗುವ ಅನಾಹುತದ ಮುಂದೆ ಪೈಪಿನ ರೊಕ್ಕ ಏನೇನೂ ಅಲ್ಲ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನೋ, ಯಮಾಹಾದ ಆರ್‌ಎಕ್ಸ್100ನ್ನೋ ಜೀವದಂತೆ ಕಾಪಾಡಿಕೊಂಡವರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ನೂರು ಆಕ್ಟೇನಿನ ಅಗತ್ಯ ಆಕ್ಟೇನಿಗಾಗಿ ಇಲ್ಲವೇ ಇಲ್ಲ. ಆದರೆ ವರ್ಷಕ್ಕೆ ನಾಲ್ಕು ಸಲ ಮಾತ್ರ ಓಡುವ ಗಾಡಿಯಾದರೆ ಎಥನಾಲ್ ಇಲ್ಲದ ಪೆಟ್ರೋಲ್ ಹುಡುಕಿ ಹಾಕಿಸುವುದರಲ್ಲಿ ಅರ್ಥವಿದೆ, ಹಳೆಯ ಸೀಲುಗಳು, ಟಾಕಿ ಉಳಿಯುತ್ತವೆ. ಪ್ರೀಮಿಯಂ ಅಂದ ಮಾತ್ರಕ್ಕೆ ಎಥನಾಲ್ ಇರುವುದಿಲ್ಲ ಅಂತ ತಿಳಿಯಬೇಡಿ. ಪಂಪಿನವರನ್ನು ಕೇಳಿ, ಮಶಿನಿನ ಮೇಲಿನ ಬರಹ ನೋಡಿ.

ಮಳೆಗಾಲ, ಮತ್ತು ಊರಿಗೆ ಹೋದಾಗ

ಎಥನಾಲಿಗೆ ನೀರೆಂದರೆ ಬಲು ಪ್ರೀತಿ. ಒಂದು ಮಿತಿಯವರೆಗೆ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿತೋ, ಪೆಟ್ರೋಲನ್ನು ಬಿಟ್ಟು ನೀರಿನ ಜೊತೆಗೂಡಿ ಟಾಕಿಯ ತಳಕ್ಕೆ ಇಳಿಯುತ್ತದೆ. ಆಗ ಎಂಜಿನ್ನಿಗೆ ಮೊದಲು ಹೋಗುವುದು ಆ ತಳದ ನೀರು. ಮೇಲೆ ಉಳಿದ ಪೆಟ್ರೋಲಾದರೂ ಸರಿಯಿರುತ್ತದೆಯಾ ಅಂದರೆ, ಆಕ್ಟೇನ್ ಏರಿಸಿದ್ದೇ ಎಥನಾಲ್, ಅದೇ ಕೆಳಗಿಳಿದ ಮೇಲೆ ಮೇಲಿನದರ ದರ್ಜೆಯೂ ಬಿದ್ದುಹೋಗಿರುತ್ತದೆ. ಜುಲೈ ತಿಂಗಳಲ್ಲಿ ನನ್ನಲ್ಲಿಗೆ ತಳ್ಳಿಕೊಂಡು ಬರುವ ಗಾಡಿಗಳಲ್ಲಿ ಬಹಳಷ್ಟರ ಕಥೆ ಇದು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪಾರದರ್ಶಕ ಗಾಜಿನ ಬಾಟಲಿಗೆ ಕಾಕಿನಿಂದ ಅಥವಾ ಕಾರ್ಬ್ಯುರೇಟರ್ ಬೌಲಿನ ಡ್ರೇನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲ್ ಇಳಿಸಿ. ಎಂಜಿನ್ ತಣ್ಣಗಿರಲಿ, ಹತ್ತಿರದಲ್ಲಿ ಬೀಡಿ ಸೇದುವವರು ಬೇಡ. ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ಒಂದೇ ಬಣ್ಣ ಇದ್ದರೆ ಚಿಂತೆಯಿಲ್ಲ. ನಡುವೆ ಗೆರೆ ಎಳೆದಂತೆ ಎರಡು ಪದರ ಕಂಡರೆ ಟಾಕಿ ಪೂರ್ತಿ ಖಾಲಿ ಮಾಡಿಸಿ, ಒಣಗಿಸಿ, ಹೊಸ ಪೆಟ್ರೋಲ್ ಹಾಕಿಸಿ. ಅದರ ಮೇಲೆ ಪ್ರೀಮಿಯಂ ಸುರಿದರೆ ಆ ದುಡ್ಡೂ ನೀರಿಗೆ ಹೋದಂತೆ.

ನೀರು ಬರುವುದು ಹೆಚ್ಚಾಗಿ ಟಾಕಿ ಮುಚ್ಚಳದಿಂದ. ಮುಚ್ಚಳದ ಸುತ್ತ ಬಿದ್ದ ಮಳೆನೀರು ಕೆಳಗೆ ಹರಿದುಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಒಳಗಿಳಿಯುತ್ತದೆ. ಜೂನ್ ಬರುವ ಮೊದಲು ಕ್ಲಚ್ ವಾಯರಿನ ಒಂದು ಎಳೆ ತೂರಿಸಿ ಆ ತೂತು ಶುಚಿ ಮಾಡಿಕೊಳ್ಳಿ, ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಬದಲಾಯಿಸಿ.

ಸುಗ್ಗಿಗೆ, ಬಿತ್ತನೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವವರು ಗಾಡಿಯನ್ನು ಅರ್ಧ ಟಾಕಿಯಲ್ಲಿ ನಿಲ್ಲಿಸಿ ಹೋಗಬೇಡಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವವನ್ನು ಎಥನಾಲ್ ಎಳೆದುಕೊಳ್ಳುತ್ತದೆ, ಟಾಕಿಯ ಒಳಗೆ ತುಕ್ಕೂ ಹಿಡಿಯುತ್ತದೆ. ಟಾಕಿ ತುಂಬಿಸಿ, ನೆರಳಿನಲ್ಲಿ, ಮೇಲೆ ಹೊದಿಕೆ ಹಾಕಿ ನಿಲ್ಲಿಸಿ. ಕಾರ್ಬ್ಯುರೇಟರ್ ಗಾಡಿಯಾದರೆ ಕಾಕ್ ಬಂದ್ ಮಾಡಿ, ತಾನಾಗಿ ಬಂದ್ ಬೀಳುವವರೆಗೆ ಎಂಜಿನ್ ಓಡಿಸಿ. ಬೌಲಿನಲ್ಲಿ ಪೆಟ್ರೋಲ್ ಉಳಿದು ಗೋಂದಾಗಿ ಜೆಟ್ ಕಟ್ಟುವುದು ತಪ್ಪುತ್ತದೆ.

ಪಂಪಿನಲ್ಲಿ

ಪಂಪಿಗೆ ಹೋದ ಕೂಡಲೇ "ಸಾಧಂ ಟಾಕಾ" (ಸಾದಾ ಹಾಕಿ) ಅಂತ ಮೊದಲೇ ಹೇಳಿ. ಏನೂ ಹೇಳದೆ ಟಾಕಿ ತೆರೆದರೆ ಕೆಲವು ಕಡೆ ಪ್ರೀಮಿಯಂ ನಾಜಲ್ಲೇ ಒಳಗೆ ಬರುತ್ತದೆ, ಹೊಸದಾಗಿ ಬಂದ ನಮ್ಮ ಹುಡುಗರು ಮರಾಠಿ ಬಾರದ ಸಂಕೋಚಕ್ಕೆ ಸುಮ್ಮನೆ ದುಡ್ಡು ಕೊಟ್ಟು ಬರುತ್ತಾರೆ. ಮಶಿನಿನ ಮೇಲೆ ಲೀಟರಿನ ದರ ಬರೆದಿರುತ್ತದೆ, ಅದನ್ನು ನೋಡಿದರೆ ಯಾವ ಪೆಟ್ರೋಲ್ ಅಂತ ಭಾಷೆ ಬಾರದಿದ್ದರೂ ತಿಳಿಯುತ್ತದೆ.

ಒಂದು ಪಂಪಿನಲ್ಲಿ ಹಾಕಿಸಿದಾಗ ಮಾತ್ರ ಗಾಡಿ ನಾಕ್ ಮಾಡುತ್ತದೆ ಅಂತಾದರೆ ಪೆಟ್ರೋಲಿನ ಮೇಲೇ ಸಂಶಯ ಪಡಿ. ಸೀಮೆಎಣ್ಣೆಯಂಥದ್ದು ಬೆರೆತರೆ ಆಕ್ಟೇನ್ ಬೀಳುತ್ತದೆ. ಪಂಪಿನಲ್ಲಿ ಫಿಲ್ಟರ್ ಪೇಪರ್ ಕೇಳುವ ಹಕ್ಕು ನಿಮಗಿದೆ. ನಾಜಲ್ಲಿನ ತುದಿ ಒರೆಸಿ ಒಂದು ಹನಿ ಪೇಪರಿನ ಮೇಲೆ ಬಿಡಿ. ಎರಡು ನಿಮಿಷದಲ್ಲಿ ಕಲೆ ಉಳಿಯದಂತೆ ಆರಿಹೋದರೆ ಸರಿ. ಎಣ್ಣೆಯಂಥ ಕಲೆ ಉಳಿದರೆ ದೂರಿನ ಪುಸ್ತಕ ಕೇಳಿ ಬರೆಯಿರಿ. ಅಳತೆಯ ಸಂಶಯವಿದ್ದರೆ ಐದು ಲೀಟರಿನ ಮುದ್ರೆ ಹಾಕಿದ ಮಾಪು ಪ್ರತಿ ಪಂಪಿನಲ್ಲೂ ಇರಲೇಬೇಕು, ಅದರಲ್ಲಿ ಅಳೆದು ತೋರಿಸಲು ಹೇಳಿ. ಬಿಲ್ ಇಸಿದುಕೊಂಡು ಟಾಕಿಯ ಪಕ್ಕದ ಬ್ಯಾಗಿನಲ್ಲೋ ಮೊಬೈಲ್ ಫೋಟೊದಲ್ಲೋ ಇಟ್ಟುಕೊಳ್ಳಿ. ಗಾಡಿ ಕೆಟ್ಟು ನನ್ನ ಹತ್ತಿರ ಬಂದಾಗ ಯಾವ ದಿನ ಯಾವ ಪೆಟ್ರೋಲ್ ಹಾಕಿಸಿದ್ದಿರಿ ಅನ್ನುವುದೇ ನಾನು ಕೇಳುವ ಮೊದಲ ಪ್ರಶ್ನೆ.